ಮೇಲಿನ ಸಾಲಿನ ಪುಸ್ತಕಗಳು ಕೆಳಗಿಳಿದ ಬಗ್ಗೆ ರಕ್ತದ ಹೇಳಿಕೆ

ಇಂದ,
ಗ್ರಂಥಾಲಯ ಸಹಾಯಕಿ (ವಯಸ್ಸು ಐವತ್ತೆಂಟು, ಸೇವೆ ಇಪ್ಪತ್ತಾರು ವರ್ಷ),
ಪುಸ್ತಕ ಜೋಡಿಸುವ ವಿಭಾಗ, ಎರಡನೇ ಮಹಡಿ.

ಗೆ,
ಮುಖ್ಯ ಗ್ರಂಥಪಾಲಕಿಯವರು,
ಅದೇ ಮಹಡಿ, ಗಾಜಿನ ಕೋಣೆ.

ವಿಷಯ: ಅರ್ಜಿದಾರಳು ಸೋಮಾರಿಯಲ್ಲ, ರೋಗಿ ಎಂಬ ಸಂತೋಷದ ಸುದ್ದಿಯನ್ನು ಕಡತಕ್ಕೆ ಸೇರಿಸುವ ಕುರಿತು.

ಉಲ್ಲೇಖ: ೧) "ಕರ್ತವ್ಯದಲ್ಲಿ ಆಲಸ್ಯ" ಎಂಬ ತಮ್ಮ ಜ್ಞಾಪನ ಪತ್ರ.
೨) ಅರ್ಜಿದಾರಳ ರಕ್ತ, ಎರಡು ಸಣ್ಣ ಕೊಳವೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತಾಳೆ. ನಗು ತಡೆದುಕೊಂಡು ಬರೆಯುತ್ತಿರುವ ಕಾರಣ ಅಕ್ಷರಗಳು ಅಲ್ಲಲ್ಲಿ ಕುಣಿದಿದ್ದರೆ ಮನ್ನಿಸತಕ್ಕದ್ದು.

೧. ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅರ್ಜಿದಾರಳಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಹೆಗಲು, ಸೊಂಟ, ತೊಡೆ ಎಲ್ಲವೂ ಮರದ ಕೊರಡು. ಕೈಗಳು ಭುಜದ ಮಟ್ಟಕ್ಕೆ ಬಂದು ಅಲ್ಲೇ ಮುಷ್ಕರ ಹೂಡಿದವು. ಮಧ್ಯಾಹ್ನದ ಹೊತ್ತಿಗೆ ಬಿಗಿತ ತಾನಾಗಿಯೇ ಸಡಿಲವಾಯಿತು, ಕೈ ಮಾತ್ರ ತಲೆಯ ಮೇಲಕ್ಕೆ ಏರಲಿಲ್ಲ. ಮರುದಿನವೂ ಅದೇ ಕಥೆ, ಅದರ ಮರುದಿನವೂ. ಕೇಸು ಕೆಟ್ಟದ್ದೇ ಇಲ್ಲಿ. ಜ್ವರವಿಲ್ಲ, ಬಾವಿಲ್ಲ, ಗಾಯವಿಲ್ಲ. ಆದ್ದರಿಂದ ನಂಬುವವರೂ ಇಲ್ಲ. ವಾಚ್ ರಿಪೇರಿ ಅಂಗಡಿ ಇಟ್ಟಿರುವ ಅರ್ಜಿದಾರಳ ಗಂಡ ಹೇಳಿದ್ದಿಷ್ಟು: "ಕೆಲಸದ ಹೊತ್ತಿಗೆ ಸರಿಯಾಗಿ ಬರುತ್ತೆ, ಊಟದ ಹೊತ್ತಿಗೆ ಸರಿಯಾಗಿ ಹೋಗುತ್ತೆ. ನನ್ನ ಅಂಗಡೀಲಿ ಇಷ್ಟು ಕರೆಕ್ಟಾದ ಗಡಿಯಾರ ಒಂದೂ ಇಲ್ಲ ಕಣೇ!"

೨. ಕಪಾಟುಗಳ ಮೇಲಿನ ಎರಡು ಸಾಲಿಗೆ ಕೈ ಎಟುಕದ ಕಾರಣ, ಅಲ್ಲಿ ಇರಬೇಕಾದ ಪುಸ್ತಕಗಳನ್ನು ಅರ್ಜಿದಾರಳು ಕೈ ಎಟುಕಿದಲ್ಲಿ ಇಟ್ಟಳು. ಹೀಗಾಗಿ ಖಗೋಳಶಾಸ್ತ್ರವು ಶಿಶುಪಾಲನೆಯ ನಡುವೆ ಬಿಡಾರ ಹೂಡಿತು. ಕಾನೂನು ಪುಸ್ತಕ ಕೇಳಿದ ವಕೀಲರಿಗೆ ಕೋಳಿ ಸಾಕಣೆ ಸಿಕ್ಕಿತು. ಮಗುವಿನ ಹೊಟ್ಟೆನೋವಿಗೆ ಪುಸ್ತಕ ಹುಡುಕಿ ಬಂದ ಹೊಸ ತಾಯಿಯೊಬ್ಬಳು ಧೂಮಕೇತುಗಳ ಪುಸ್ತಕ ಒಯ್ದಳು. ವಾಪಸ್ ಕೊಡುವಾಗ, "ಮಗು ಅಳು ನಿಲ್ಲಿಸಲಿಲ್ಲ, ನಾನು ನಿಲ್ಲಿಸಿದೆ" ಎಂದು ಹೇಳಿಹೋದಳು. ಅವಳು ದೂರು ಕೊಡಲಿಲ್ಲ. ವಕೀಲರು ಕೊಟ್ಟರು. ಆದ್ದರಿಂದ ಜ್ಞಾಪನ ಪತ್ರ ಬಂತು.

ಅದಕ್ಕೆ ಅರ್ಜಿದಾರಳು ಉತ್ತರ ಬರೆಯಲಿಲ್ಲ. ಮೂರು ತಿಂಗಳು ಎಲ್ಲರೂ ಸೋಮಾರಿ ಎಂದರೆ ನಾಲ್ಕನೇ ತಿಂಗಳು ಕನ್ನಡಿಯೂ ಹಾಗೇ ಅನ್ನುತ್ತದೆ. ತಾನು ನಿಜಕ್ಕೂ ಮೈಗಳ್ಳಿಯೇ ಇರಬಹುದೇನೋ ಎಂದು ಅವಳಿಗೇ ಅನ್ನಿಸತೊಡಗಿತ್ತು.

೩. ಒಂದು ಬೆಳಿಗ್ಗೆ ತಲೆ ಬಾಚಲು ಬಾಚಣಿಗೆ ಕಿವಿಯಿಂದ ಮೇಲೆ ಹೋಗಲಿಲ್ಲ. "ಕೊಡಿಲ್ಲಿ, ನಾನೇ ಬಾಚ್ತೀನಿ" ಎಂದು ಗಂಡ, ಬಿಗಿದ ಸ್ಪ್ರಿಂಗು ಬಿಡಿಸುವವರ ಹಾಗೆ ಉಸಿರು ಹಿಡಿದು ಸಿಕ್ಕು ಬಿಡಿಸಿದರು. ಜಡೆ ಹಾಕಲೆಂದು ಅವಳ ತೋಳನ್ನು ಒಂಚೂರು ಪಕ್ಕಕ್ಕೆ ಸರಿಸಿದಾಗ ಅವಳು ಕೂಗಿಕೊಂಡ ಕೂಗಿಗೆ ಬಾಚಣಿಗೆ ಕೆಳಗೆ ಬಿತ್ತು. ಅಂದು ಅಂಗಡಿ ತೆರೆಯದೆ ಅವಳನ್ನು ಡಾಕ್ಟರ ಬಳಿ ಕರೆದೊಯ್ದರು.

೪. ಡಾಕ್ಟರು ಅರ್ಜಿದಾರಳ ಮಗಳ ವಯಸ್ಸಿನವರು. "ಬೆಳಿಗ್ಗೆ ಬಿಗಿತ ಎಷ್ಟು ಹೊತ್ತು ಇರುತ್ತಮ್ಮ?" ಎಂದು ಕೇಳಿದರು.

"ಊಟದವರೆಗೆ. ನಂಬೋದಾದ್ರೆ ನಂಬಿ."

"ನಂಬ್ತೀನಿ. ಆದ್ರೂ ರಕ್ತವನ್ನೂ ಒಂದು ಮಾತು ಕೇಳೋಣ. ಮೈಯಲ್ಲಿ ಎಲ್ಲೋ ಉರಿಯೂತ ಇದ್ರೆ ಅದಕ್ಕೆ ಗೊತ್ತಿರುತ್ತೆ. ಒಂದು ಪರೀಕ್ಷೇಲಿ ರಕ್ತಾನ ಉದ್ದನೆ ಕೊಳವೇಲಿ ನಿಲ್ಲಿಸಿ, ಕೆಂಪು ಕಣ ಒಂದು ಗಂಟೇಲಿ ಎಷ್ಟು ಕೆಳಗಿಳಿಯುತ್ತೆ ಅಂತ ಅಳೀತಾರೆ. ಅದು ಇಎಸ್‌ಆರ್. ಉರಿಯೂತ ಇದ್ರೆ ಬೇಗ ಬೇಗ ಇಳಿಯುತ್ತೆ. ಇನ್ನೊಂದು ಸಿಆರ್‌ಪಿ. ಅದೊಂದು ಪ್ರೋಟೀನು, ಉರಿಯೂತ ಇದ್ದಾಗ ಲಿವರ್ ಅದನ್ನ ಜಾಸ್ತಿ ಮಾಡುತ್ತೆ."

೫. ಸಂಜೆ ವರದಿ ಕೈಗೆ ಬಂತು. ಮೂವತ್ತರ ಒಳಗೆ ಇರಬೇಕಾದ ಮೊದಲನೆಯದು ಎಂಬತ್ತೆಂಟು. ಹತ್ತರ ಒಳಗೆ ಇರಬೇಕಾದ ಎರಡನೆಯದು ಅರವತ್ತನಾಲ್ಕು. ಅರ್ಜಿದಾರಳು ಲ್ಯಾಬಿನ ನಟ್ಟನಡುವೆ ನಿಂತು, "ಎಂಬತ್ತೆಂಟು ರೀ! ಎಂಬತ್ತೆಂಟು!" ಎಂದು ಕೂಗಿ, ರಕ್ತ ತೆಗೆದ ಹುಡುಗಿಯನ್ನು ಕೈ ಎತ್ತಲಾಗದೆ ಸೊಂಟಕ್ಕೆ ತಬ್ಬಿಕೊಂಡಳು. ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ವಿಚಾರಿಸಿದರು: "ಮಗಳಿಗೆ ಮಾರ್ಕ್ಸ್ ಬಂತೇನಮ್ಮಾ?"

"ಇಲ್ಲ ಅಜ್ಜಿ, ನನಗೇ ಬಂತು!"

"ಮೆಲ್ಲಗೆ ಕಣೇ, ಅದು ಜಾಸ್ತಿ ಬರಬಾರದ ಮಾರ್ಕು" ಎಂದು ಗಂಡ ತೋಳು ಹಿಡಿಯಲು ಹೋಗಿ, ನೆನಪಾಗಿ ಬಿಟ್ಟರು. ಆಮೇಲೆ ಮೆಟ್ಟಿಲಿಳಿಯುವಾಗ, "ತಪ್ಪಾಯ್ತು ಕಣೇ" ಎಂದರು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಈ ಮಾತು ಮೊದಲ ಸಲ ಕೇಳಿದ್ದರಿಂದ ಅರ್ಜಿದಾರಳು ಇನ್ನೊಮ್ಮೆ ಹೇಳಿಸಿಕೊಂಡಳು.

೬. ಡಾಕ್ಟರು ಮಾತ್ರ ಕುಣಿಯಲಿಲ್ಲ. "ಮನೇಲಿ ಗಲಾಟೆ ಆಗ್ತಿದೆ ಅಂತ ಇದು ಹೇಳುತ್ತೆ, ಯಾವ ಕೋಣೇಲಿ ಅಂತ ಹೇಳಲ್ಲ" ಎಂದು, ಸೋಂಕಿಗೊಂದು, ಕೀಲಿಗೊಂದು, ಇನ್ನೂ ನಾಲ್ಕಾರು ಪರೀಕ್ಷೆ ಮಾಡಿಸಿದರು. ಒಂದೊಂದೇ ಬಾಗಿಲು ತಟ್ಟಿ ನೋಡಿ ಬಂದ ಮೇಲೆ, ಇದು ಐವತ್ತು ದಾಟಿದವರ ಹೆಗಲು ಸೊಂಟ ಹಿಡಿಯುವ ಉರಿಯೂತ ಎಂದು ತೀರ್ಮಾನಿಸಿ, ಸಣ್ಣ ಪ್ರಮಾಣದ ಸ್ಟೆರಾಯ್ಡ್ ಮಾತ್ರೆ ಬರೆದುಕೊಟ್ಟರು.

ಮೂರನೆಯ ದಿನ ಬೆಳಿಗ್ಗೆ ಅರ್ಜಿದಾರಳು ಎದ್ದು ಕೂತು ಸುಮ್ಮನೆ ಪ್ರಯತ್ನಿಸಿದಳು. ಎರಡೂ ಕೈ ನೆಟ್ಟಗೆ ಮೇಲೆ ಹೋದವು! ಅವಳ ಕೂಗಿಗೆ ಎಚ್ಚೆತ್ತ ಗಂಡ, ಕೈ ಮೇಲೆತ್ತಿ ಕೂತ ಹೆಂಡತಿಯನ್ನು ಕಂಡು, ಕಳ್ಳ ಬಂದಿದ್ದಾನೆಂದು ತಾವೂ ಎರಡು ಕೈ ಮೇಲೆತ್ತಿದರು.

"ಎಲ್ಲಿದ್ದಾನೆ?"

"ಯಾರು?"

"ಕಳ್ಳ!"

ಹೊಟ್ಟೆ ಹಿಡಿದು ನಗಲು ಕೈ ಇಳಿಸಬೇಕಿತ್ತು. ಅರ್ಜಿದಾರಳು ಇಳಿಸಲಿಲ್ಲ. ಅಂದು ಅವಳು ಫ್ಯಾನು ಒರೆಸಿದಳು, ಜೇಡರ ಬಲೆ ಹೊಡೆದಳು, ಅಟ್ಟದಿಂದ ಬೇಡದ ಪಾತ್ರೆಗಳನ್ನೆಲ್ಲ ಇಳಿಸಿ, ತೊಳೆದು, ಮತ್ತೆ ಅಟ್ಟಕ್ಕೇ ಏರಿಸಿದಳು. "ಈ ಕುಣಿತದಲ್ಲಿ ಅರ್ಧ ನಿಮ್ಮದು, ಅರ್ಧ ಮಾತ್ರೇದು. ನಿಧಾನಕ್ಕೆ ಕಮ್ಮಿ ಮಾಡ್ತೀವಿ, ನೀವಾಗಿ ನಿಲ್ಲಿಸಬೇಡಿ" ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಅರ್ಧವಾದರೂ ಸಾಕು.

೭. (ಈ ಸಂಗತಿ ಕಡತಕ್ಕೆ ಬೇಡವೆಂದು ತಾವು ಹೇಳಿದ್ದರಿಂದ ಈ ಅಂಶವನ್ನು ಬರೆದಿಲ್ಲವೆಂದು ಭಾವಿಸತಕ್ಕದ್ದು.) ವರದಿಯನ್ನು ತಮ್ಮ ಮೇಜಿನ ಮೇಲಿಟ್ಟ ದಿನ ತಾವು ಅದನ್ನು ಎರಡು ಸಲ ಓದಿ, ಬಾಗಿಲ ಕಡೆ ನೋಡಿ, ತಗ್ಗಿದ ದನಿಯಲ್ಲಿ "ಇದು ಎಲ್ಲಿ ಮಾಡ್ತಾರೆ?" ಎಂದು ಕೇಳಿ, ನೋಯುವ ಬೆರಳುಗಳನ್ನು ತೋರಿಸಿದಿರಿ. ಬುಧವಾರ ಇಬ್ಬರೂ ಜೊತೆಗೆ ಹೋದದ್ದಾಯಿತು. ತಮ್ಮವು ಹನ್ನೆರಡು ಮತ್ತು ಎರಡು. ಎಲ್ಲ ಸರಿ. ಲ್ಯಾಬಿನ ಮೆಟ್ಟಿಲ ಮೇಲೆ ತಮ್ಮ ಮುಖ ಸಣ್ಣದಾಯಿತು.

"ಹಾಗಾದ್ರೆ ನನ್ನದು ನಾಟಕ ಅಂತಾಯ್ತಲ್ಲ" ಎಂದಿರಿ.

ಆ ಮಾತಿನ ರುಚಿ ಅರ್ಜಿದಾರಳಿಗೆ ಗೊತ್ತು. ಆದ್ದರಿಂದ ತಮ್ಮನ್ನು ಅದೇ ಡಾಕ್ಟರ ಬಳಿ ಎಳೆದೊಯ್ದಳು. ಅವರು ತಮ್ಮ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿ, "ನಂಬರ್ ಸರಿ ಇದ್ರೆ ನೋವು ಸುಳ್ಳು ಅಂತ ಯಾರು ಹೇಳಿದ್ರು? ಕೆಲವು ನೋವು ರಕ್ತದ ಹತ್ರ ಹೋಗಿ ಚಾಡಿ ಹೇಳಲ್ಲ, ಅಷ್ಟೆ. ಗೆಣ್ಣು ಸವೆದಿವೆ" ಎಂದರು. ತಾವು ಅಳುತ್ತ ನಕ್ಕಿರಿ. ಅರ್ಜಿದಾರಳು ಬರೀ ನಕ್ಕಳು.

ಆದ್ದರಿಂದ, ಜ್ಞಾಪನ ಪತ್ರದ "ಆಲಸ್ಯ"ವನ್ನು ಹೊಡೆದುಹಾಕಿ "ಉರಿಯೂತ" ಎಂದು ತಿದ್ದಬೇಕೆಂದೂ, ರಕ್ತ ಪರೀಕ್ಷೆಗೆ ತಿಂಗಳಿಗೊಂದು ಅರ್ಧ ದಿನ ರಜೆ ಕೊಡಬೇಕೆಂದೂ ಪ್ರಾರ್ಥನೆ.

ಎರಡೂ ಕೈ ಎತ್ತಿ ವಂದಿಸುವ,
ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು:
೧) ರಕ್ತದ ವರದಿ, ಮೂಲಪ್ರತಿ. ನಕಲನ್ನು ಗಂಡ ಅಂಗಡಿಯ ಗೋಡೆಗೆ ಅಂಟಿಸಿಕೊಂಡಿದ್ದಾರೆ.
೨) ಸ್ವಸ್ಥಾನಕ್ಕೆ ಮರಳಿದ ಇನ್ನೂರ ಹದಿನಾಲ್ಕು ಪುಸ್ತಕಗಳ ಪಟ್ಟಿ. ಧೂಮಕೇತುಗಳದ್ದು ಆ ತಾಯಿ ಮತ್ತೆ ಒಯ್ದಿದ್ದಾಳೆ.

ವಿ.ಸೂ.: ಪ್ರತಿದಿನ ಬೆಳಿಗ್ಗೆ ತಾವು ಗ್ರಂಥಾಲಯದ ಮುಂಬಾಗಿಲಲ್ಲಿ, ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡೇ ಚೀಲದಲ್ಲಿ ಕನ್ನಡಕ ಹುಡುಕುತ್ತ, ತಮ್ಮ ಸವೆದ ಬೆರಳುಗಳ ಬದಲು ಯಾರಾದರೂ ಬಂದು ಬೀಗ ತೆಗೆಯಲೆಂದು ಕಾಯುತ್ತಿರುವುದು ಅರ್ಜಿದಾರಳ ಗಮನಕ್ಕೆ ಬಂದಿದೆ. ಅವಳ ಎರಡು ಕೈಗಳೂ ಈಗ ಸುಸ್ಥಿತಿಯಲ್ಲಿರುವ ಕಾರಣ, ನಾಳೆಯಿಂದ ಬೀಗದ ಕೈಯನ್ನೂ ಅವಳಿಗೇ ಒಪ್ಪಿಸತಕ್ಕದ್ದು.