ಈರಬಸಪ್ಪನ ಅರ್ಧ ಗಂಟೆ

ಹಾಸಿಗೆ ಹಿಡಿದ ತಾಯಿ ಬರಗೇರಮ್ಮನನ್ನು ಎರಡು ವರ್ಷ ಒಬ್ಬನೇ ನೋಡಿಕೊಂಡು, ಭರಮಸಾಗರದ ಈರಬಸಪ್ಪ ತಾನೇ ರೋಗಿಯಂತಾಗಿದ್ದ. ಅವಳ ನಾಡಿ ನೋಡಲು ಮನೆಗೆ ಬಂದ ಡಾಕ್ಟರು ಮಗನ ಮುಖ ಕಂಡು ಗಾಬರಿಯಾದರು.

"ನಿಮ್ಮವ್ವ ಗಟ್ಟಿಯಾಗವ್ರೆ ಕಣಯ್ಯ. ಹಿಂಗೇ ಆದ್ರೆ ನೀನೇ ಮೊದ್ಲು ಹೋಗ್ತೀಯ. ದಿನಾ ಅರ್ಧ ಗಂಟೆ ಮನೆ ಬಿಟ್ಟು ಬಿರಬಿರನೆ ನಡಿ. ನಡುವೆ ಎಲ್ಲೂ ಕೂರಬೇಡ."

ಮಾರನೆಯ ಬೆಳಿಗ್ಗೆ ಈರಬಸಪ್ಪ ಚಪ್ಪಲಿ ಮೆಟ್ಟಿ ಹಿಂದೆ ಮುಂದೆ ನೋಡುತ್ತ ನಿಂತ.

"ಹೋಗಲೇ, ನಾನೇನು ಎದ್ದು ಓಡಿಹೋಗ್ತೀನಾ?" ಎಂದಳು ಬರಗೇರಮ್ಮ. "ಡಾಕ್ಟ್ರು ಹೇಳಿದ್ದು ನೆನಪೈತಲ್ಲ? ಕುಂದ್ರಂಗಿಲ್ಲ, ಯಾರ ಮನೇಲೂ ಹನಿ ನೀರು ಕುಡಿಯಂಗಿಲ್ಲ."

ನೀರಿನ ಮಾತನ್ನು ಡಾಕ್ಟರು ಯಾವಾಗ ಹೇಳಿದರೋ ಅವನಿಗೆ ಹೊಳೆಯಲಿಲ್ಲ. ನಿದ್ದೆಗೆಟ್ಟ ತಲೆಗೆ ನಿನ್ನೆ ಉಂಡದ್ದೇ ನೆನಪಿರುತ್ತಿರಲಿಲ್ಲ. ನಾಯಿ ನುಗ್ಗದಂತೆ ಬಾಗಿಲಿಗೆ ಬೀಗ ಜಡಿದು, ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಹೊರಟ.

"ಬಾರಪ್ಪ ಈರಬಸಣ್ಣ, ಅಪರೂಪ! ಕುಂತ್ಕ, ಟೀ ಕುಡಿ," ಎಂದು ಹೋಟೆಲಿನ ಕಾಟಯ್ಯ ಬೆಂಚು ಎಳೆದ. ಈರಬಸಪ್ಪ ಏದುಸಿರು ಬಿಡುತ್ತ, ಬೇಡವೆಂದು ಕೈಯಾಡಿಸಿ ನಡೆದೇಬಿಟ್ಟ. ಕಾಟಯ್ಯ ಅವನ ಕೆಂಪು ಕಣ್ಣು ನೋಡಿದವನೇ ಒಲೆ ಆರಿಸಿದ.

ಕೆರೆ ಏರಿ ಪಕ್ಕದಲ್ಲಿ ಅಕ್ಕ ಮಲ್ಲಕ್ಕನ ಮನೆ. ಅದೇ ಊರಲ್ಲಿದ್ದರೂ ಆರು ತಿಂಗಳಿಂದ ತವರಿನ ಕಡೆ ತಲೆ ಹಾಕಿರಲಿಲ್ಲ, ಪುಣ್ಯಾತ್ಗಿತ್ತಿ. ತಮ್ಮನನ್ನು ಕಂಡು ತಂಬಿಗೆಯಲ್ಲಿ ನೀರು ತಂದಳು.

"ಬ್ಯಾಡಕ್ಕ. ಕುಂದ್ರಂಗಿಲ್ಲ, ನೀರು ಮುಟ್ಟಂಗಿಲ್ಲ," ಎಂದ ಇವನು, ನಿಲ್ಲದೆ.

ತಂಬಿಗೆ ಠಣ್ಣೆಂದು ಬಿತ್ತು. "ಅಯ್ಯೋ ನನ್ನವ್ವೋ!" ಎಂದು ಮಲ್ಲಕ್ಕ ಎದೆ ಬಡಿದುಕೊಂಡಳು. ನೀರು ಕುಡಿಯದಿದ್ದಕ್ಕೆ ಇಷ್ಟೊಂದು ಸಂಕಟವೇ? ಈರಬಸಪ್ಪ ತಬ್ಬಿಬ್ಬಾಗಿ ಹೆಜ್ಜೆ ಬಿರುಸು ಮಾಡಿದ.

ಸುತ್ತಿ ಬಂದರೆ ಮನೆ ಮುಂದೆ ಜನವೋ ಜನ. ಕಾಟಯ್ಯ ಬಿದಿರು ತಂದಿದ್ದ, ಯಾರೋ ಹೂವಿನ ಹಾರ ಹಿಡಿದಿದ್ದರು, ಮಲ್ಲಕ್ಕ ಬೀಗ ಹಾಕಿದ ಬಾಗಿಲಿಗೆ ತಲೆ ಕೊಟ್ಟು ಗೋಳಾಡುತ್ತಿದ್ದಳು.

"ಧೈರ್ಯ ತಂದ್ಕಳಪ್ಪ," ಎಂದ ಕಾಟಯ್ಯ.

ಈರಬಸಪ್ಪನ ಜೀವ ಬಾಯಿಗೆ ಬಂತು. ಬರೀ ಅರ್ಧ ಗಂಟೆ ಬಿಟ್ಟುಹೋಗಿದ್ದಕ್ಕೆ ಅವ್ವ ಹೋಗಿಯೇಬಿಟ್ಟಳೆ? ಬೀಗದಕೈ ತನ್ನ ಸೊಂಟದಲ್ಲಿರುವಾಗ ಇವರಿಗೆ ಹೇಗೆ ಗೊತ್ತಾಯಿತು ಎಂದು ಕೇಳುವಷ್ಟು ಬುದ್ಧಿ ಉಳಿದಿರಲಿಲ್ಲ. ಅಂಗಳದಲ್ಲೇ ಕುಸಿದು ಹೋ ಎಂದು ಅತ್ತ. ಅವನು ಅತ್ತದ್ದು ಕಂಡು ಉಳಿದವರೂ ಅತ್ತರು.

"ಲೇ ಈರಬಸ," ಒಳಗಿನಿಂದ ದನಿ ಬಂತು, "ಮಲ್ಲಿ ಬಂದ್ಲಾ?"

ಅಳು ಗಪ್ಪಾಯಿತು.

"ನಿನ್ ಮನೆ ಹಾಳಾಗ!" ಕಾಟಯ್ಯ ಬಿದಿರು ಬಿಸಾಕಿದ. "ಕುಂದ್ರಲಿಲ್ಲ, ನೀರು ಮುಟ್ಟಲಿಲ್ಲ, ಸಾವಿನ ಸುದ್ದಿ ಹೇಳಾಕೆ ಬಂದೋನಂಗೆ ನಡದ್ಯಲ್ಲೋ!"

"ಬಂದೋರನ್ನ ಬರಿಹೊಟ್ಟೇಲಿ ಕಳಿಸಬ್ಯಾಡ," ಎಂದು ಒಳಗಿನಿಂದಲೇ ಅಪ್ಪಣೆಯಾಯಿತು. ಬೀಗ ತೆಗೆದದ್ದೇ ಮಲ್ಲಕ್ಕ ಒಳಗೆ ನುಗ್ಗಿ ತಾಯಿಯ ಕೈ ಬಿಡದೆ ಕೂತಳು. ಈರಬಸಪ್ಪ ನಲವತ್ತು ಜನಕ್ಕೆ ಮುದ್ದೆ ತಿರುವಿದ.

ಸಂಜೆ ಎಲ್ಲರೂ ಹೋದ ಮೇಲೆ ಮಂಚದ ಕೆಳಗೆ ಚಾಪೆಯಂತೆ ಬಿದ್ದುಕೊಂಡ. "ಅವ್ವ, ನೀರಿನ ಮಾತು ಡಾಕ್ಟ್ರೇ ಹೇಳಿದ್ರಾ?"

"ಕೂರಬ್ಯಾಡ ಅಂದೋರು ಅವ್ರು. ನೀರು ಬ್ಯಾಡ ಅಂದೋಳು ನಾನು," ಎಂದಳು ಬರಗೇರಮ್ಮ. "ಆರು ತಿಂಗಳಿಂದ ಈ ಹೊಸ್ತಿಲು ಒಬ್ರಾದ್ರೂ ತುಳಿದ್ರೇನೋ?"

ಸೆರಗಿನಿಂದ ಕಣ್ಣೊರೆಸಿಕೊಂಡು, ಬಂದವರನ್ನು ಬೆರಳಲ್ಲಿ ಎಣಿಸಿದಳು.

"ಕೆರೆ ಆಚೆಯೋರು ಬರ್ಲೇ ಇಲ್ಲ. ನಾಳೆ ಆ ಕಡೆ ನಡಿ. ಮುದ್ದೆಗೆ ಹಿಟ್ಟು ಈಗ್ಲೇ ಬೀಸಿಟ್ಕ."