ಎರಡು ಮಿಲಿಮೀಟರಿನ ರಜೆ

ಸ್ಕ್ಯಾನ್ ಲ್ಯಾಬಿನ ಆಪರೇಟರಿಗೆ ಬೇಕಾಗಿದ್ದದ್ದು ನಾಳೆಯ ಒಂದೇ ಒಂದು ರಜೆ. ಇವನಿಗೆ ರಜೆ ಸಿಗದೆ ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ಎರಡು ಸಲ ಮುಂದಕ್ಕೆ ಹೋಗಿತ್ತು. ಈ ಸಲ ನೀನು ಬರದಿದ್ದರೆ ತಡಕಾಡಿಕೊಂಡು ನಾನೊಬ್ಬಳೇ ಹೋಗ್ತೀನಿ ಎಂದು ಅಮ್ಮ ಬೆಳಿಗ್ಗೆ ಖಡಾಖಂಡಿತವಾಗಿ ಹೇಳಿದ್ದಳು. ಹೇಳಿದ್ದು ಬಾಗಿಲ ಹಿಂದೆ ನೇತಾಡುತ್ತಿದ್ದ ಇವನ ಕೋಟಿಗೆ.

ಲ್ಯಾಬಿನ ಮುಖ್ಯಸ್ಥರು ರಜೆಗೆ ಒಂದು ಷರತ್ತು ಹಾಕಿದರು. ಮಿದುಳಿನ ಸ್ಕ್ಯಾನ್ ಅಂದರೆ ಸಣ್ಣ ಸಣ್ಣ ಘನಚೌಕಗಳ ರಾಶಿ, ವಾಕ್ಸೆಲ್ ಅಂತಾರೆ. ಅರವತ್ತು ಜನರ ಸ್ಕ್ಯಾನಿನಲ್ಲಿ ಅವು ಒಂದು ಮಿಲಿಮೀಟರ್ ಇದ್ದವು. ಸಂಜೆಯೊಳಗೆ ಎಲ್ಲ ಎರಡು ಮಿಲಿಮೀಟರ್ ಆಗಬೇಕು. ಡಿಸ್ಕಿನಲ್ಲಿ ಜಾಗವಿರಲಿಲ್ಲ. ಇವನು ಹಳೆಯದರ ಮೇಲೆಯೇ ಹೊಸದನ್ನು ಉಳಿಸಿದ. ಮೂಲಪ್ರತಿ ಸಿ.ಡಿ.ಗಳಲ್ಲಿ ಇದೆಯಲ್ಲ ಎಂಬ ಧೈರ್ಯ.

ಊಟ ಮುಗಿಸಿ ಬಂದು ನೋಡಿದರೆ ಎಲ್ಲವೂ ಮತ್ತೆ ಒಂದು. ಸುಸ್ತಿನಲ್ಲಿ ನಾನೇ ಮರೆತಿರಬೇಕು ಅಂದುಕೊಂಡು ಇನ್ನೊಮ್ಮೆ ಮಾಡಿದ. ಟೀ ಕುಡಿದು ಬಂದ, ಮತ್ತೆ ಒಂದು. ಎಲ್ಲ ನನ್ನ ಹಣೆಬರಹ ಅಂತ ಮೂರನೇ ಸಲ ಕೂತು ಮುಗಿಸುವಾಗ ಪಕ್ಕದ ಮೇಜಿನ ಅಕ್ಕ ಎದ್ದು ಬಂದಳು. ಕರೆಯದಿದ್ದರೂ ಉಪಕಾರಕ್ಕೆ ಬರುವ ಜೀವ ಅದು.

"ಪಾಪ, ಮತ್ತೆ ಎರಡು ಮಾಡಿದೀಯಲ್ಲೋ. ನಮ್ಮಲ್ಲೆಲ್ಲ ಒಂದು ತಾನೆ? ಎರಡು ಸಲಾನೂ ನಾನೇ ಸರಿ ಮಾಡಿಟ್ಟೆ."

ಬೈಯಲೂ ಇವನಿಗೆ ತ್ರಾಣವಿರಲಿಲ್ಲ. ಚೌಕ ದೊಡ್ಡದು ಮಾಡಿದಾಗ ಹೋದ ವಿವರ ಚಿಕ್ಕದು ಮಾಡಿದರೆ ಬರುತ್ತದೆಯೇ? ಬೀಸಿದ ಹಿಟ್ಟು ಕಾಳಾಗುತ್ತದೆಯೇ? ಹಿಗ್ಗಿಸಿ ಕುಗ್ಗಿಸಿ ಅರವತ್ತು ಮಿದುಳುಗಳೂ ನೀರಲ್ಲಿ ಬಿದ್ದ ಸೋಪಿನ ಹಾಗೆ ಕರಗಿ ಕೂತಿದ್ದವು.

ಸಂಜೆ ಮುಖ್ಯಸ್ಥರು ಬಂದು ಪರದೆಗೆ ಮೂಗು ತಾಗಿಸಿ ನೋಡಿ, ಎಷ್ಟು ಸ್ಪಷ್ಟವಾಗಿ ಬಂದಿದೆ ಎಂದು ಬೆನ್ನು ತಟ್ಟಿದರು. ರಜೆ ಚೀಟಿಗೆ ಸಹಿಯನ್ನೂ ಹಾಕಿದರು. ಸಹಿ ಬಿದ್ದದ್ದು ಚೀಟಿಯ ಪಕ್ಕಕ್ಕೆ, ಮೇಜಿನ ಮೇಲೆ.

ಬಾಯಿ ಮುಚ್ಚಿಕೊಂಡು ಹೋಗಿದ್ದರೆ ಆಗುತ್ತಿತ್ತು. ಆದರೆ ಅವು ರೋಗಿಗಳ ಮಿದುಳು, ಇವನ ಮನಸ್ಸು ಒಪ್ಪಲಿಲ್ಲ. ನಡೆದದ್ದನ್ನೆಲ್ಲ ಹೇಳಿ, "ಸರ್, ಎಲ್ಲ ಮಬ್ಬಾಗಿದೆ. ತಪ್ಪು ತಿಳೀಬೇಡಿ, ನಿಮ್ಮ ಕಣ್ಣು ಒಮ್ಮೆ ಡಾಕ್ಟರಿಗೆ ತೋರಿಸಿ. ನಮ್ಮಮ್ಮಂಗೂ ಹೀಗೇ ಆಗಿತ್ತು" ಎಂದ.

ಮುಖ್ಯಸ್ಥರು ಪೆನ್ನು ಕೆಳಗಿಟ್ಟರು. ಆರು ತಿಂಗಳಿಂದ ದೀಪದ ಸುತ್ತ ಬೆಳಕಿನ ಬಳೆ ಕಾಣುತ್ತಿದೆ, ಡಾಕ್ಟರ ಹತ್ತಿರ ಒಬ್ಬನೇ ಹೋಗಲು ಭಯ ಎಂದು ಮೆಲ್ಲಗೆ ಒಪ್ಪಿಕೊಂಡರು. ಅಮ್ಮನ ಆಪರೇಷನ್ ಎಷ್ಟು ಗಂಟೆಗೆ ಎಂದು ವಿಚಾರಿಸಿದರು. ಇವನ ಕಣ್ಣು ತುಂಬಿ ಬಂತು.

"ನಾಳೆ ಅಮ್ಮನ್ನ ನಾನೇ ಕರ್ಕೊಂಡು ಹೋಗ್ತೀನಿ ಕಣಯ್ಯ. ನಂಗೂ ಜೊತೆಯಾಯ್ತು. ಕಾರಿದೆ, ಡ್ರೈವರ್ ಇದಾನೆ, ನೀನ್ಯಾಕೆ ಒದ್ದಾಡ್ತೀಯ? ಸಿ.ಡಿ. ಹಾಕಿ ಅರವತ್ತನ್ನೂ ಮೊದಲಿಂದ ಮಾಡು."

ಮನೆಗೆ ಫೋನ್ ಮಾಡಿದ. ಅಮ್ಮ ಎಲ್ಲ ಕೇಳಿಸಿಕೊಂಡಳು.

"ಒಳ್ಳೇದಾಯ್ತು ಬಿಡಪ್ಪ, ನಿಂಗೊಂದು ರಜೆ ಉಳೀತು."