ಕಂಬಳಿ ಹೊದ್ದ ಕೆಂಪು ಚುಕ್ಕೆ

ಪಿಸ್ತೂಲಿನ ಮೇಲಿನ ಗಾಜನ್ನು ಕಾಪಾಡುವುದು ಅಂಥ ಮಹಾವಿದ್ಯೆಯೇನಲ್ಲ. ದಿನಾ ಬೆಳಗ್ಗೆ ಹಾಲು ಉಕ್ಕದಂತೆ ಕಾಯುವ ಹೆಂಗಸಿಗೆ ಹೆಬ್ಬೆರಳಿನ ಉಗುರಿನಷ್ಟು ಗಾಜು ಯಾವ ಲೆಕ್ಕ? ಹಾಗೆಂದು ನಾನು ಕ್ಲಬ್ಬಿನವರೆಲ್ಲರ ಎದುರು ಎದ್ದು ನಿಂತು ಘೋಷಿಸಿದೆ. ನನ್ನ ಗ್ರಹಚಾರ ಅಲ್ಲಿಂದಲೇ ಶುರು!

ನಾನು ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್. ಸಂಜೆಯಾದರೆ ಶೂಟಿಂಗ್ ಕ್ಲಬ್ಬಿನ ಸದಸ್ಯೆ. ಕ್ಲಬ್ಬೆಂದರೆ ತೀರಾ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಮುಚ್ಚಿಹೋದ ಎಣ್ಣೆ ಮಿಲ್ಲಿನ ಗೋಡೌನು, ಒಂದು ಏರ್ ಪಿಸ್ತೂಲು, ಎಲ್ಲೆಲ್ಲೂ ಶೇಂಗಾ ಹೊಟ್ಟಿನ ಧೂಳು. ಆ ಪಿಸ್ತೂಲಿನ ಮೇಲೆ ಹೊಸದಾಗಿ ರೆಡ್ ಡಾಟ್ ಕೂರಿಸಿದ್ದರು. ಪುಟ್ಟ ಗಾಜಿನ ಕಿಟಕಿ, ಒಳಗೆ ನೋಡಿದರೆ ಒಂದು ಕೆಂಪು ಚುಕ್ಕೆ. ಚುಕ್ಕೆಯನ್ನು ಗುರಿಯ ಮೇಲಿಟ್ಟು ಟ್ರಿಗರ್ ಒತ್ತಬೇಕು, ಅಷ್ಟೇ. ಅದರ ಉಸ್ತುವಾರಿ ನನಗೆ ವಹಿಸಿ ಮನೆಗೆ ಕೊಟ್ಟು ಕಳಿಸಿದರು.

ಆಷಾಢದಲ್ಲಿ ಕೊಂಡ್ಲಹಳ್ಳಿ ಹತ್ತಿರದ ಬಯಲಿನಲ್ಲಿ ಮೊಳಕಾಲ್ಮೂರಿನ ಕ್ಲಬ್ಬಿನೊಡನೆ ಪಂದ್ಯವಿತ್ತು. ಗೆದ್ದವರಿಗೆ ಜಿಲ್ಲಾ ತಂಡದಲ್ಲಿ ಜಾಗ. ಆ ಜಾಗ ನನ್ನದೇ ಎಂಬ ಖಾತ್ರಿ ಎಷ್ಟಿತ್ತೆಂದರೆ, ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ 'ಜಿಲ್ಲಾ ತಂಡ' ಎಂದು ಅಚ್ಚು ಹಾಕಿಸಿದ ನೀಲಿ ಜಾಕೆಟ್ಟನ್ನು ಮುಂಚೆಯೇ ಹೊಲಿಸಿಬಿಟ್ಟಿದ್ದೆ. ಸ್ಟಾಫ್ ರೂಮಿನಲ್ಲಿ ಅದರ ಪ್ರದರ್ಶನವೂ ಆಗಿತ್ತು.

ಆದರೆ ಮನೆಯಲ್ಲಿ ಪಿಸ್ತೂಲು ಎತ್ತಿ ನೋಡುತ್ತೇನೆ, ಚುಕ್ಕೆಗೆ ಬಾಲ ಬಂದಿದೆ! ದುಂಡಗಿರಬೇಕಾದದ್ದು ಗೊದಮೊಟ್ಟೆಯ ಹಾಗೆ ಕಾಣುತ್ತಿದೆ.

"ರೀ, ಗಾಜಿಗೆ ಧೂಳು ಹತ್ತೈತೆ" ಎಂದೆ.

ನಮ್ಮ ಯಜಮಾನರಿಗೆ ಬಜಾರಿನಲ್ಲಿ ಕನ್ನಡಕದ ಅಂಗಡಿ. ಅವರು ಒಮ್ಮೆ ಇಣುಕಿ ನೋಡಿ, "ಚುಕ್ಕೆ ದುಂಡಗೇ ಐತಲ್ಲೇ. ನಿನ್ನ ಕಣ್ಣು ಒಂದ್ಸಲ ತೋರಿಸ್ಕೊ, ಬಾ ಅಂಗ್ಡೀಗೆ" ಅಂದರು.

"ಗಿರಾಕಿ ಇಲ್ದಿದ್ರೆ ಮನೆಯೋರ ಮೂಗಿಗೇ ಕನ್ನಡಕ ಏರಿಸ್ತೀರೇನ್ರೀ? ಪಿ.ಟಿ. ಟೀಚರ್ ಕಣ್ಣು ಇದು!"

ಅವರು ಟೀ ಕುಡಿದು ಅಂಗಡಿಗೆ ಹೊರಟುಹೋದರು. ನಾನು ಕಾರ್ಯಾಚರಣೆಗೆ ಇಳಿದೆ.

ಗಾಜು ಒರೆಸಲು ಮೆತ್ತನೆಯ ಬಟ್ಟೆ ಬೇಕು. ಲೋಕದಲ್ಲಿ ರೇಷ್ಮೆಗಿಂತ ಮೆತ್ತನೆಯದು ಯಾವುದಿದೆ? ಬೀರುವಿನಿಂದ ನನ್ನ ಮದುವೆಯ ಮೊಳಕಾಲ್ಮೂರು ಸೀರೆ ತೆಗೆದು ಸೆರಗಿನಿಂದ ಗಸಗಸ ಉಜ್ಜಿದೆ. ಸೆರಗಿನಲ್ಲಿ ಜರಿ ಇರುತ್ತದೆಂಬುದು ಉಜ್ಜಿದ ಮೇಲೆ ನೆನಪಾಯಿತು. ಗಾಜಿನ ಮೇಲೆ ಸಣ್ಣ ಗೀಟು, ಸೆರಗಿನ ಮೇಲೆ ಕಪ್ಪು ಗ್ರೀಸು. ಬಾಲ ಮಾತ್ರ ಇದ್ದಲ್ಲೇ ಇತ್ತು!

ಹಾಗಾದರೆ ಇದು ಮಂಜೇ ಇರಬೇಕೆಂದು ತೀರ್ಮಾನಿಸಿದೆ. ಗಾಜಿಗೆ ಸೋಪು ಸವರಿ ಒರೆಸಿದರೆ ಮಂಜು ಕೂರುವುದಿಲ್ಲವೆಂದು ಯಾರೋ ಹೇಳಿದ್ದರು. ಒಂದು ಹನಿ ಸಾಕಂತೆ. ನಾನು ಧಾರಾಳಿ, ಪಾತ್ರೆ ತೊಳೆಯುವ ಸೋಪನ್ನು ಬಳಿದೇಬಿಟ್ಟೆ. ಅದನ್ನು ತೆಗೆಯುವುದರೊಳಗೆ ನನ್ನ ಸೊಂಟ ಬಿದ್ದುಹೋಯಿತು.

ಪಂದ್ಯದ ದಿನ ಬೆಳಗ್ಗೆಯಿಂದಲೇ ಹುಚ್ಚು ಗಾಳಿ, ಜೊತೆಗೆ ತುಂತುರು. ಪಿಸ್ತೂಲನ್ನು ಬರಿದೇ ಒಯ್ಯುವುದೇ? ಅತ್ತೆಯ ಕೋಣೆಯಲ್ಲಿ ಹೊಚ್ಚ ಹೊಸ ಕಂಬಳಿ ಕಂಡಿತು. ನಮ್ಮದು ತಲೆತಲಾಂತರದಿಂದ ಕುರಿ ಕಾಯುವ ಮನೆತನ. ಎಂಥ ಮಳೆಗೂ ಜಗ್ಗದ ಕಂಬಳಿ ಮನೆಯಲ್ಲಿರುವಾಗ ಪ್ಲಾಸ್ಟಿಕ್ಕು ಯಾರಿಗೆ ಬೇಕು? ಪಿಸ್ತೂಲನ್ನು ಬಾಣಂತಿ ಕೂಸಿನ ಹಾಗೆ ಸುತ್ತಿ ಎತ್ತಿಕೊಂಡೆ.

ಅತ್ತೆ ಹಿಂದಿನಿಂದ ಕೂಗಿದರು. "ಏ, ಅದು ಇನ್ನೂ ಒಗ್ದಿಲ್ಲ ಕಣವ್ವ! ಸರಿ ಹಂಗೇ ಐತೆ!"

"ಸರಿ ಐತಲ್ಲ, ಮತ್ತಿನ್ನೇನತ್ತೆ!" ಎಂದು ಗಾಡಿ ಹತ್ತಿದೆ. ನೇಕಾರರು ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡುತ್ತಾರೆಂದು ನನಗೂ ಚೆನ್ನಾಗಿ ಗೊತ್ತು. ಆ ಗಂಜಿಗೇ 'ಸರಿ' ಎನ್ನುವುದು. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಜಾಕೆಟ್ ಬಿಟ್ಟು ಬೇರೇನೂ ಇರಲಿಲ್ಲ.

ಕೊಂಡ್ಲಹಳ್ಳಿ ತಲುಪುವಷ್ಟರಲ್ಲಿ ಕಂಬಳಿ ನೆನೆದು ಅಂಟಂಟಾಗಿತ್ತು. ಬಿಚ್ಚಿದರೆ ಗಾಜಿನ ತುಂಬ ಗೋಂದು! ಅದಕ್ಕೆ ಉಣ್ಣೆಯ ಕೂದಲು, ಅದರ ಮೇಲೆ ಬಯಲಿನ ಕೆಮ್ಮಣ್ಣು. ಹೆಬ್ಬೆರಳಿನಿಂದ ತಿಕ್ಕಿದೆ. ಅಳಿದುಳಿದ ಬೆಳಕೂ ಮುಚ್ಚಿತು. ಒಳಗೆ ಕೆಂಪು ಚುಕ್ಕೆಯಿದ್ದ ಜಾಗದಲ್ಲಿ ಕುಂಕುಮದ ಭರಣಿ ಉರುಳಿದ ಹಾಗಿತ್ತು.

"ಮೇಡಂ, ನಿಮ್ಮ ಸರದಿ!" ಎಂದು ಪಂದ್ಯ ನಡೆಸುವವರು ಕರೆದರು. ನನಗೆ ಅಳುವೇ ಬಂತು, ಸುಳ್ಳು ಯಾಕೆ ಹೇಳಲಿ.

ಮೊಳಕಾಲ್ಮೂರಿನ ಎದುರಾಳಿ ರತ್ನಮ್ಮ ಬಲು ಒಳ್ಳೆಯ ಹೆಂಗಸು. "ಏಮಕ್ಕಾ ಇದು, ಹೋಳಿಗೆ ಕಣಕ ಮೆತ್ತಿದಂಗೈತೆ! ತಗಳ್ರಿ, ನಂದ್ರಾಗೆ ಹೊಡೀರಿ" ಎಂದು ತನ್ನ ಪಿಸ್ತೂಲನ್ನೇ ಕೊಟ್ಟಳು. ಗಾಜು ಥಳಥಳ ಹೊಳೆಯುತ್ತಿತ್ತು. ಎತ್ತಿ ನೋಡಿದೆ.

"ನಿಮ್ಮದಕ್ಕೂ ಬಾಲ ಐತಲ್ರೀ!"

"ಎಲ್ಲೈತಕ್ಕಾ ಬಾಲ? ದುಂಡಗೈತಲ್ಲ!"

ಬಾಲವನ್ನು ನಂಬಿ ಹೊಡೆದೆ. ಗುಂಡುಗಳು ಗುರಿಹಲಗೆಯನ್ನು ಬಿಟ್ಟು ಉಳಿದೆಲ್ಲ ಕಡೆಗೂ ಹೋದವು. ಜಿಲ್ಲಾ ತಂಡದ ಜಾಗ ರತ್ನಮ್ಮನದಾಯಿತು.

ಸೋತ ಮೇಲೆ ಸಂಕಟದಿಂದ ಕೇಳಿದೆ. "ಈ ಗಾಳಿ ಮಳೆಯಾಗೆ ನಿಮ್ಮ ಗಾಜು ಅದು ಹೆಂಗೆ ಇಷ್ಟು ಚೊಕ್ಕ?"

"ಮ್ಯಾಲೊಂದು ಮುಚ್ಚಳ ಹಾಕ್ತೀನಕ್ಕಾ. ಧೂಳು ಕುಂತ್ರೆ ಮೊದ್ಲು ಊದೋದು, ಆಮ್ಯಾಲೆ ಈ ಬಟ್ಟೇಲಿ ಮೆಲ್ಲಕೆ ಒತ್ತೋದು. ಚಳ್ಳಕೆರೆ ಬಜಾರ್‌ನಾಗೆ ಕನ್ನಡಕದಂಗ್ಡಿ ಐತಲ್ಲ, ಆ ಯಜಮಾನ್ರು ಬಟ್ಟೆ ಸುಮ್ಮನೇ ಕೊಟ್ಟು ಎಲ್ಲಾ ಹೇಳ್ಕೊಟ್ರು. ದೇವ್ರಂಥ ಮನುಷ್ಯ!"

ಆ ದೇವರಿಗೆ ಆ ದಿನ ಬೆಳಗ್ಗೆ ಉಪ್ಪಿಟ್ಟು ಮಾಡಿಟ್ಟು ಬಂದವಳು ನಾನೇ!

ಮನೆಗೆ ಬಂದವಳೇ ಹರಿಹಾಯ್ದೆ. "ಊರೋರ್ಗೆಲ್ಲ ಹೇಳಿಕೊಡ್ತೀರಿ, ಕಟ್ಟಿಕೊಂಡೋಳಿಗೆ ಹೇಳಕ್ಕೆ ಏನು ರೋಗ?"

"ಅವ್ರು ಕೇಳಿದ್ರು, ಹೇಳಿದೆ. ಕಣ್ಣು ತೋರಿಸ್ಕೊ ಅಂತ ನಿನಗೆ ನೀನು ಕೇಳದೇನೇ ಹೇಳಿದ್ದೆ" ಎಂದು ಅವರು ತಣ್ಣಗೆ ನನ್ನನ್ನು ಅಂಗಡಿಗೆ ಕರೆದೊಯ್ದು ಕಣ್ಣು ಪರೀಕ್ಷೆ ಮಾಡಿಸಿದರು. ಪಿ.ಟಿ. ಟೀಚರ್ ಕಣ್ಣುಗುಡ್ಡೆಯ ದುಂಡೇ ಒಂಚೂರು ಸೊಟ್ಟವಂತೆ. ಅಂಥವರಿಗೆ ದುಂಡನೆಯ ಬೆಳಕೆಲ್ಲ ಹೀಗೆ ಬಾಲ ಬಿಟ್ಟುಕೊಂಡೇ ಕಾಣುತ್ತದಂತೆ.

ನೀಲಿ ಜಾಕೆಟ್ ಈಗ ಅತ್ತೆಯ ಪಾಲಾಗಿದೆ. ಹಾಳಾದ ಕಂಬಳಿಗೆ ಬದಲು ಅದನ್ನೇ ತೊಟ್ಟು ಕುರಿಗಳ ಹಿಂದೆ ಹೊರಡುತ್ತಾರೆ. ಬೆನ್ನ ಮೇಲೆ 'ಜಿಲ್ಲಾ ತಂಡ', ಮುಂದೆ ಕುರಿಗಳ ತಂಡ!

ನಾನು ಕನ್ನಡಕ ಹಾಕಿಕೊಂಡು ಅಭ್ಯಾಸ ಮುಂದುವರಿಸಿದ್ದೇನೆ. ಕ್ಲಬ್ಬಿನ ಗಾಜನ್ನು ಯಜಮಾನರೇ ಚೊಕ್ಕ ಮಾಡಿಕೊಟ್ಟಿದ್ದಾರೆ. ಧೂಳಿಲ್ಲ, ಮಂಜಿಲ್ಲ, ಬಾಲವಿಲ್ಲ. ಚುಕ್ಕೆ ಸಾಸಿವೆಯಷ್ಟು ದುಂಡಗೆ ಕಾಣುತ್ತದೆ. ಗುಂಡು ಮಾತ್ರ ಮೊದಲಿನ ಹಾಗೆಯೇ ಗೋಡೆಗೆ ಬೀಳುತ್ತಿದೆ. ಬೈಯೋಣವೆಂದರೆ ಈಗ ನಾನೊಬ್ಬಳೇ ಉಳಿದಿದ್ದೇನೆ!